ಉಗುರಿನ ಅಚ್ಚೂ ಸಣ್ಣ ಅಕ್ಷರವೂ

ಈ ತಿಂಗಳು ನಾವು ಬರೆಯಹೊರಟಿರುವ ವಿಷಯವನ್ನು ಕೇಳಿ ಕೆಲವರು ನಕ್ಕಾರು. ಓಲೆಗರಿ, ಶಾಸನ, ವ್ಯಾಕರಣವೆಂದು ಆಯುಷ್ಯ ಸವೆಸಿದವರಿಗೆ ಕೃತಕ ಉಗುರಿನ ಚಿಂತೆ ಏಕೆ ಬಂದಿತೆಂದು ಕೇಳಿಯಾರು. ನಗಲಿ. ನಾವೂ ಮೊದಲು ನಕ್ಕವರೇ. ಆದರೆ ಆ ನಗೆಯ ಬೆಲೆಯನ್ನು ತೆತ್ತವರು ನಾವಲ್ಲ, ಮನೆಯ ಮಗಳು. ಆದುದರಿಂದಲೇ ಇದನ್ನು ಬರೆಯುವುದು ನಮ್ಮ ಮೇಲಿನ ಋಣವೆಂದು ಭಾವಿಸಿದ್ದೇವೆ.

ನಮ್ಮ ಬಲಗೈಯ ಉಂಗುರಬೆರಳಿನ ಉಗುರು ಮೂವತ್ತು ವರ್ಷಗಳಿಂದ ಸೀಳಿದೆ. ಮಠದ ಪಾಠಶಾಲೆಯಲ್ಲಿ ಓಲೆಗರಿಯ ಕಟ್ಟುಗಳನ್ನು ಇರಿಸಿದ್ದ ಸಾಗುವಾನಿ ಪೆಟ್ಟಿಗೆಯ ಮುಚ್ಚಳ ಒಂದು ದಿನ ನಮ್ಮ ಅಜಾಗರೂಕತೆಯಿಂದ ಬೆರಳ ಮೇಲೆ ಬಿತ್ತು. ಪೆಟ್ಟು ಉಗುರಿನ ಬೇರಿಗೇ ತಗುಲಿದುದರಿಂದ ಅಂದಿನಿಂದ ಅದು ಎರಡು ಹೋಳಾಗಿಯೇ ಬೆಳೆಯುತ್ತದೆ. ನೋವೇನೂ ಇಲ್ಲ. ಆದರೆ ಬೆಳಗಿನ ಪೂಜೆಯ ವೇಳೆಯಲ್ಲಿ ಪಾವುಡ ಬಿಚ್ಚುವಾಗ ಆ ಸೀಳಿನಲ್ಲಿ ಎಳೆಯೊಂದು ಸಿಕ್ಕಿಕೊಳ್ಳುತ್ತದೆ. ಮನಸ್ಸು ಲಿಂಗದ ಮೇಲೆ ನಿಲ್ಲಬೇಕಾದ ಗಳಿಗೆಯಲ್ಲಿ ನೂಲಿನ ಮೇಲೆ ನಿಲ್ಲುತ್ತದೆ. ಇದು ನಮ್ಮ ಚಿಕ್ಕ ಸಂಕಟವಾಗಿತ್ತು.

ನಮ್ಮ ತಮ್ಮನ ಮಗಳನ್ನು ಮುದನಾಳದಲ್ಲಿಯೇ ಕೊಟ್ಟಿದೆ. ಅಳಿಯನಿಗೆ ಮೂರು ಎಕರೆ ಹೊಲ; ಹತ್ತಿ, ತೊಗರಿ ಬೆಳೆಯುತ್ತಾನೆ. ಮಳೆ ಕೈಕೊಟ್ಟ ವರ್ಷ ಆ ಮನೆ ನಡೆಯುವುದು ಅವಳ ದುಡಿಮೆಯಿಂದ. ಮೊದಲು ಹೊಲಿಗೆ ಕಲಿತಳು. ಆಮೇಲೆ ಮದರಂಗಿ, ಜಡೆ, ಸೀರೆ ಉಡಿಸುವುದು. ಈಗ ಕೆಲವು ವರ್ಷಗಳಿಂದ ಯಾದಗಿರಿಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳುತ್ತಾಳೆ.

2025ರ ಯುಗಾದಿ ಕಳೆದ ಮೇಲೆ ಒಂದು ಸಂಜೆ ಅವಳು ಒಂದು ಚಿಕ್ಕ ಪೆಟ್ಟಿಗೆಯನ್ನು ಹಿಡಿದುಕೊಂಡು ಬಂದಳು. ಮೊಬೈಲಿನಲ್ಲಿ ನೋಡಿ ತರಿಸಿದ್ದು. ಸ್ವಸಹಾಯ ಸಂಘದಲ್ಲಿ ಸಾಲ ತೆಗೆದು ಅದನ್ನೂ ಅದರ ದೀಪವನ್ನೂ ಕೊಂಡಿದ್ದಳು. ಮದುವೆಯ ದಿನಗಳು ಹತ್ತಿರವಾಗಿದ್ದವು. ಮದುಮಗಳಿಗೆ ಉಗುರು ಕೂಡಿಸಿಕೊಡುವವರು ಬೇಕೆಂದು ಕೇಳುವ ಮನೆಗಳು ಪಟ್ಟಣದಲ್ಲಿ ಹೆಚ್ಚುತ್ತಿದ್ದವು. ಕೈ ಪಳಗಬೇಕಾದರೆ ಯಾರಾದರೂ ತಮ್ಮ ಉಗುರನ್ನು ಕೊಡಬೇಕಲ್ಲವೇ? ಮನೆಯ ಹೆಂಗಸರು ಯಾರೂ ಒಪ್ಪಲಿಲ್ಲ. "ಜ್ವಾಳದ ಹಿಟ್ಟು ನಾದುವಾಗ ಆ ಉಗುರು ಹಿಟ್ಟಿನ್ಯಾಗ ಸಿಕ್ಕರ ತಿನ್ನೋರ ಗತಿ ಏನು?" ಎಂದು ಅವಳ ತಾಯಿಯೇ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ.

ಆಗ ಅವಳ ದೃಷ್ಟಿ ನಮ್ಮ ಕಡೆ ಹೊರಳಿತು. "ದೊಡ್ಡಪ್ಪಾ, ನಿಮ್ಮ ಆ ಸೀಳಿದ ಉಗುರು ನನಗ ಕೊಡ್ರಿ. ಉದ್ದ ಮಾಡಂಗಿಲ್ಲ, ಸೀಳಷ್ಟೇ ಮುಚ್ಚತೀನಿ. ಪಾವುಡದ ಎಳಿ ಸಿಗಂಗಿಲ್ಲ ನೋಡ್ರಿ" ಎಂದಳು.

ನಾವು ನಕ್ಕುಬಿಟ್ಟೆವು. ಅರವತ್ತು ದಾಟಿದ ಮುದುಕನಿಗೆ ಮದುಮಗಳ ಉಗುರೇ! ಆದರೆ ನಕ್ಕ ಮರುಗಳಿಗೆಯಲ್ಲಿಯೇ ನಮ್ಮ ಪಾಂಡಿತ್ಯ ಎಚ್ಚರಗೊಂಡಿತು. ಓಲೆಗರಿಯ ಮೇಲೆ ಕಂಠದಿಂದ ಬರೆಯುತ್ತಿದ್ದ ದಕ್ಷಿಣದೇಶದ ಲಿಪಿಕಾರರು ಎಡಗೈ ಹೆಬ್ಬೆರಳಿನ ಉಗುರನ್ನು ಬೆಳೆಸಿ, ಅದರಲ್ಲಿ ಒಂದು ಕಚ್ಚು ಮಾಡಿ, ಕಂಠವನ್ನು ಅದಕ್ಕೆ ಆನಿಸಿ ಅಕ್ಷರ ಕೊರೆಯುತ್ತಿದ್ದ ಸಂಗತಿ ನೆನಪಾಯಿತು. ಸಿತಾರ್ ನುಡಿಸುವವರು ತಂತಿಯಿಂದ ಮಾಡಿದ ಮಿಜ್ರಾಬನ್ನು ಬೆರಳಿಗೆ ತೊಡುತ್ತಾರೆ. ಅದೂ ಒಂದು ಕೃತಕ ನಖವೇ. ವಿದ್ಯೆಗೂ ಸಂಗೀತಕ್ಕೂ ಉಗುರು ಉಪಕರಣವಾಗಬಹುದಾದರೆ ಪೂಜೆಯ ಅಡಚಣೆಯನ್ನು ನಿವಾರಿಸಲು ಏಕಾಗಬಾರದು ಎಂದುಕೊಂಡು ಕೈ ಮುಂದೆ ನೀಡಿದೆವು. ಪಾಂಡಿತ್ಯಕ್ಕೆ ಒಂದು ದೋಷವಿದೆ. ಹಳೆಯದೊಂದು ದೃಷ್ಟಾಂತ ಸಿಕ್ಕಿತೆಂದರೆ ಹೊಸದನ್ನು ಪರೀಕ್ಷಿಸುವ ಕೆಲಸ ಮುಗಿಯಿತೆಂದು ಅದು ಭಾವಿಸುತ್ತದೆ. ಆ ದಿನ ನಮಗಾದದ್ದು ಅದೇ.

ವಿಧಾನವನ್ನು ತಿಳಿಯದ ವಾಚಕರಿಗಾಗಿ ಎರಡು ಮಾತು. ಅಮೆರಿಕದಲ್ಲಿ ಫ್ರೆಡ್ ಸ್ಲ್ಯಾಕ್ ಎಂಬ ದಂತವೈದ್ಯನು 1950ರ ದಶಕದಲ್ಲಿ ಮುರಿದ ತನ್ನ ಉಗುರನ್ನು ಸರಿಪಡಿಸಿಕೊಳ್ಳಲು ಹಲ್ಲಿನ ಕೆಲಸಕ್ಕೆ ಬಳಸುವ ಅಕ್ರಿಲಿಕ್ ದ್ರವ್ಯವನ್ನು ಉಪಯೋಗಿಸಿದನೆಂದೂ ಇಂದಿನ ಕೃತಕ ಉಗುರುಗಳು ಅಲ್ಲಿಂದ ಮೊದಲಾದವೆಂದೂ ಈ ಕಸುಬಿನವರು ಹೇಳುತ್ತಾರೆ. ಬಹುಕಾಲ ಉಗುರಿನ ಅಡಿಗೆ ಹಾಳೆಯೊಂದನ್ನು ಸಿಕ್ಕಿಸಿ, ಮೇಲಿನಿಂದ ಕುಂಚದಲ್ಲಿ ಲೇಪವಿಟ್ಟು ಆಕಾರ ತರುವ ಕ್ರಮವಿತ್ತು. ಅದಕ್ಕೆ ಬಹಳ ಕೈಚಳಕ ಬೇಕು. ಹೊಸ ಕ್ರಮದಲ್ಲಿ ಕೆಲಸ ತಿರುಗುಮುರುಗಾಗಿದೆ. ಉಗುರಿನ ಆಕಾರದ, ಪಾರದರ್ಶಕವಾದ ತೆಳು ಪ್ಲಾಸ್ಟಿಕ್ ಅಚ್ಚಿನೊಳಗೆ ಮೊದಲು ಜೆಲ್ ಲೇಪವನ್ನು ಹರಡಬೇಕು. ಅಚ್ಚನ್ನು ಓರೆಯಾಗಿ ಹಿಡಿದು ನಿಜವಾದ ಉಗುರಿನ ಮೇಲೆ ಮೆಲ್ಲನೆ ಒತ್ತಬೇಕು. ನೇರಳೆ ಬೆಳಕಿನ ದೀಪದ ಕೆಳಗೆ ಬೆರಳನ್ನಿಟ್ಟರೆ ಒಂದೆರಡು ನಿಮಿಷದಲ್ಲಿ ಲೇಪ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಚ್ಚನ್ನು ಎರಡೂ ಬದಿಯಿಂದ ಅದುಮಿದರೆ ಅದು ಬಿಟ್ಟುಬರುತ್ತದೆ, ಉಗುರು ಉಳಿಯುತ್ತದೆ.

ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಇದು ಅಪರಿಚಿತವಲ್ಲ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವುದು ಹೀಗೆಯೇ. ಕಟ್ಟಿಗೆಯ ಅಚ್ಚನ್ನು ನೀರಿನಲ್ಲಿ ನೆನೆಸಿ, ಎರಡು ಹೋಳುಗಳನ್ನು ಬಿಗಿಯಾಗಿ ಕಟ್ಟಿ, ಕಾಸಿದ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ನವಿಲೋ ತೇರೋ ಹೊರಬರುತ್ತದೆ. ಬೀದರಿನ ಬಿದರಿ ಕೆಲಸದವರೂ ಸತು ತಾಮ್ರಗಳ ಮಿಶ್ರಲೋಹವನ್ನು ಮಣ್ಣಿನ ಅಚ್ಚಿನಲ್ಲಿಯೇ ಎರಕ ಹೊಯ್ಯುತ್ತಾರೆ. ಎಲ್ಲ ಅಚ್ಚಿನ ಕೆಲಸಕ್ಕೂ ನಿಯಮ ಒಂದೇ: ಹೊಯ್ದದ್ದು ಅಚ್ಚಿನ ಅಂಚನ್ನು ಮೀರಬಾರದು, ಗಟ್ಟಿಯಾಗುವ ಮೊದಲು ಬಿಚ್ಚಬಾರದು.

ನಮ್ಮ ಬೆರಳ ಮೇಲೆ ಮೊದಲ ಸಲ ಎರಡೂ ನಿಯಮಗಳು ಮುರಿದವು. ಅವಳು ಆರಿಸಿದ ಅಚ್ಚು ಉಗುರಿಗಿಂತ ಅಗಲವಾಗಿತ್ತು. ಒತ್ತಿದಾಗ ಲೇಪ ಸುತ್ತಲೂ ಉಕ್ಕಿ ಚರ್ಮದ ಮೇಲೆ ಹರಿಯಿತು. ಅವಳು ತನ್ನ ಬೆರಳ ತುದಿಯಿಂದಲೇ ಅದನ್ನು ಒರೆಸಿದಳು. ದೀಪದ ಕೆಳಗೆ ಬೆರಳು ಚುರುಗುಟ್ಟಿತು. ಲೇಪ ಗಟ್ಟಿಯಾಗುವಾಗ ತಾನೇ ಶಾಖ ಹೊಮ್ಮಿಸುತ್ತದೆಂದು ನಮಗೆ ಆಮೇಲೆ ತಿಳಿಯಿತು. ನಾವು ಬೆರಳನ್ನು ಥಟ್ಟನೆ ಎಳೆದುಕೊಂಡೆವು. ಅಚ್ಚು ಅರೆಹಸಿಯಾಗಿ ಬಿಟ್ಟುಬಂತು. ಒಳಗೆ ಗಾಳಿಯ ಗುಳ್ಳೆಗಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಎರಡನೆಯ ಸಲ ಚಿಕ್ಕ ಅಚ್ಚನ್ನು ತೆಗೆದುಕೊಂಡು, ಲೇಪವನ್ನು ತೆಳುವಾಗಿ ಹರಡಿ, ಬೆರಳನ್ನು ದೀಪದೊಳಕ್ಕೆ ಸ್ವಲ್ಪ ಸ್ವಲ್ಪವಾಗಿ ಸರಿಸಿದಳು. ಅಚ್ಚು ಬಿಚ್ಚಿದಾಗ ಸೀಳು ಮಾಯವಾಗಿತ್ತು. ತುದಿಯನ್ನು ಬೆರಳಿನ ಮಟ್ಟಕ್ಕೆ ಉಜ್ಜಿ ಕೊಟ್ಟಳು. ಮರುದಿನ ಮುಂಜಾನೆ ಪಾವುಡ ನಿರಾಯಾಸವಾಗಿ ಬಿಚ್ಚಿಕೊಂಡಿತು. ಮೂವತ್ತು ವರ್ಷಗಳ ನಂತರ ಮೊದಲ ಸಲ! ಅವಳಿಗೆ ಮನಸಾರೆ ಆಶೀರ್ವಾದ ಮಾಡಿದೆವು.

ಮದುವೆಯ ದಿನಗಳು ಬಂದವು. ಅವಳ ಕೋಣೆಗೆ ಬರುವವರು ಹೆಚ್ಚಿದರು. ಸಾಲದ ಕಂತು ಸಮಯಕ್ಕೆ ಸರಿಯಾಗಿ ಸಂದಾಯವಾಗತೊಡಗಿತು. ಮೂರು ವಾರಕ್ಕೊಮ್ಮೆ, ಉಗುರು ಬೆಳೆದು ಬುಡದಲ್ಲಿ ತೆರವಾದ ಜಾಗವನ್ನು ತುಂಬಿಕೊಡಲು ನಮ್ಮ ಮನೆಗೆ ಬರುತ್ತಿದ್ದಳು. ಜ್ಯೇಷ್ಠ ಮಾಸದಲ್ಲಿ ಹಾಗೆ ಬಂದ ಒಂದು ದಿನ ಚಹದ ಬಟ್ಟಲನ್ನು ನಮ್ಮ ಕೈಗೆ ಕೊಡುವಾಗ ಅವಳ ಬೆರಳುಗಳನ್ನು ಕಂಡೆವು. ಹೆಬ್ಬೆರಳು, ತೋರುಬೆರಳುಗಳ ತುದಿ ಕೆಂಪಾಗಿ, ಒಡೆದು, ಸಿಪ್ಪೆ ಏಳುತ್ತಿತ್ತು. ಕಣ್ಣಿನ ರೆಪ್ಪೆಗಳೂ ಊದಿದ್ದವು.

"ಏನವ್ವಾ ಇದು?" ಎಂದು ಕೇಳಿದೆವು.

"ಏನಿಲ್ರಿ ದೊಡ್ಡಪ್ಪಾ, ಬಟ್ಟಿ ಸಾಬೂನು ಹತ್ತಿರಬೇಕು" ಎಂದು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸಾಬೂನಲ್ಲವೆಂದು ಅವಳಿಗೂ ಗೊತ್ತಿತ್ತು. ತಿಂಗಳಿನಿಂದ ತುರಿಕೆ ಇತ್ತಂತೆ. ರೊಟ್ಟಿ ಬಡಿಯಲು ಕೈ ಉರಿಯುತ್ತಿತ್ತಂತೆ. ಹೇಳಿದರೆ ಮನೆಯವರು ಪಾರ್ಲರ್ ಮುಚ್ಚಿಸಿಯಾರು, ಸಾಲ ಉಳಿದೀತು ಎಂಬ ಭಯದಿಂದ ಬಾಯಿ ಕಟ್ಟಿಕೊಂಡಿದ್ದಳು. ಇಂಥ ಮೌನ ನಮ್ಮ ಎಷ್ಟು ಮನೆಗಳಲ್ಲಿದೆಯೋ! ದುಡಿಯುವ ಹೆಣ್ಣುಮಗಳ ಕೈಯಿಂದ ಬರುವ ಹಣವನ್ನು ಎಣಿಸುತ್ತೇವೆ, ಕೈಯನ್ನು ನೋಡುವುದಿಲ್ಲ.

ಯಾದಗಿರಿಯಿಂದ ರೈಲು ಹಿಡಿದು ಅವಳನ್ನು ಕಲಬುರಗಿಯ ಚರ್ಮವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿಗಳನ್ನು ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ, ಮತ್ತೆ ಎರಡು ದಿನ ಬಿಟ್ಟು ನೋಡಿದರು. ಉಗುರಿನ ಜೆಲ್‌ನಲ್ಲಿರುವ ಮೆಥಕ್ರಿಲೇಟ್ ವರ್ಗದ ದ್ರವ್ಯ ಅವಳ ಮೈಗೆ ಒಗ್ಗದೆಂದು ನಿಶ್ಚಯವಾಯಿತು. ವೈದ್ಯರು ವಿವರಿಸಿದ್ದನ್ನು ನಮಗೆ ತಿಳಿದಂತೆ ಹೇಳುತ್ತೇವೆ. ಪೂರ್ಣ ಗಟ್ಟಿಯಾದ ಉಗುರು ಅಷ್ಟು ಅಪಾಯಕಾರಿಯಲ್ಲ. ಅಪಾಯವಿರುವುದು ಹಸಿ ಲೇಪದಲ್ಲಿ. ಅದು ಮತ್ತೆ ಮತ್ತೆ ಚರ್ಮಕ್ಕೆ ತಗುಲಿದರೆ ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಒಮ್ಮೆ ಗುರುತಿಟ್ಟರೆ ಸಾಮಾನ್ಯವಾಗಿ ಜೀವಮಾನವಿಡೀ ಮರೆಯುವುದಿಲ್ಲ. ಕೈಯಿಂದ ಮುಟ್ಟಿದ್ದು ಕಣ್ಣಿನ ರೆಪ್ಪೆಯ ಮೇಲೆ, ಮುಖದ ಮೇಲೆ ಕಾಣಿಸಿಕೊಳ್ಳುವುದೂ ಉಂಟು. ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಹಲ್ಲಿಗೆ ತುಂಬುವ ಹಲವು ದ್ರವ್ಯಗಳೂ, ಮೊಣಕಾಲು ಕೀಲು ಬದಲಿಸುವಾಗ ಬಳಸುವ ಎಲುಬಿನ ಸಿಮೆಂಟೂ ಇದೇ ವರ್ಗಕ್ಕೆ ಸೇರಿದವು. ಆದಕಾರಣ ಇನ್ನು ಮುಂದೆ ಯಾವ ದಂತವೈದ್ಯರಲ್ಲಿಗೆ, ಶಸ್ತ್ರವೈದ್ಯರಲ್ಲಿಗೆ ಹೋದರೂ ಈ ಸಂಗತಿಯನ್ನು ಮೊದಲು ತಿಳಿಸಬೇಕೆಂದು ಬರೆದುಕೊಟ್ಟರು. ದಂತವೈದ್ಯನ ಮೇಜಿನಿಂದ ಬಂದ ವಸ್ತು ಮತ್ತೆ ದಂತವೈದ್ಯನ ಕುರ್ಚಿಯವರೆಗೂ ಹಿಂಬಾಲಿಸುವುದನ್ನು ಕೇಳಿ ನಾವು ಬೆರಗಾದೆವು.

ಮನೆಗೆ ಮರಳಿದ ಮೇಲೆ ಆ ಪೆಟ್ಟಿಗೆಯನ್ನು ತರಿಸಿದೆವು. ಓಲೆಗರಿ ಓದುವ ಭೂತಗನ್ನಡಿಯನ್ನು ಹಿಡಿದು ಅದರ ತಳಭಾಗವನ್ನು ನೋಡಿದೆವು. ಸಾಸಿವೆ ಕಾಳಿಗಿಂತ ಚಿಕ್ಕದಾದ ಇಂಗ್ಲಿಷ್ ಅಕ್ಷರಗಳಲ್ಲಿ ಎಲ್ಲವೂ ಬರೆದಿತ್ತು: ಚರ್ಮಕ್ಕೆ ತಗುಲಿಸಬಾರದು, ಅಲರ್ಜಿಯಾಗಬಹುದು, ಕಸುಬಿನಲ್ಲಿ ನುರಿತವರು ಮಾತ್ರ ಬಳಸತಕ್ಕದ್ದು. ಆಮೇಲೆ ಬಲ್ಲವರನ್ನು ವಿಚಾರಿಸಿದಾಗ ಇನ್ನಷ್ಟು ತಿಳಿಯಿತು. ಅಮೆರಿಕದ ಚರ್ಮವೈದ್ಯರ ಸಂಘವೊಂದು 2012ರಲ್ಲಿಯೇ ಅಕ್ರಿಲೇಟ್‌ಗಳನ್ನು ಆ ವರ್ಷದ ಮುಖ್ಯ ಅಲರ್ಜಿಕಾರಕವೆಂದು ಹೆಸರಿಸಿ ಎಚ್ಚರಿಸಿತ್ತು. ಯುರೋಪಿನ ಒಕ್ಕೂಟ 2020ರಲ್ಲಿ ಹೇಮಾ ಎಂಬ ಸಂಕ್ಷಿಪ್ತನಾಮದ ಮೆಥಕ್ರಿಲೇಟ್ ಇರುವ ಉಗುರು ದ್ರವ್ಯಗಳನ್ನು ವೃತ್ತಿನಿರತರು ಮಾತ್ರ ಬಳಸಬೇಕು, ಪೆಟ್ಟಿಗೆಯ ಮೇಲೆ ಅಲರ್ಜಿಯ ಎಚ್ಚರಿಕೆಯನ್ನು ಮುದ್ರಿಸಬೇಕು ಎಂದು ವಿಧಿಸಿತು. ಬೆಳಕಿನಲ್ಲಿ ಲೇಪ ಗಟ್ಟಿಯಾಗಲು ಬೆರೆಸುವ ಟಿಪಿಒ ಎಂಬ ದ್ರವ್ಯವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಲಾಗಿದೆ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಒಂದು ವಚನದ ಒಂದು ಶಬ್ದ ಸಂದೇಹವಾದರೆ ನಾಲ್ಕು ಪ್ರತಿಗಳನ್ನು ತರಿಸಿ ಪಾಠಾಂತರ ನೋಡುವವರು ನಾವು. ಗರಿಯ ಅಂಚಿನಲ್ಲಿ ಲಿಪಿಕಾರನು ಗೀಚಿದ ಚಿಹ್ನೆಯನ್ನೂ ಬಿಡದೆ ಓದುವವರು. ಮನೆಯ ಮಗಳು ಹೊಸ ವಸ್ತುವೊಂದನ್ನು ತಂದು ಕಣ್ಣೆದುರು ಇಟ್ಟಾಗ ಆ ಪೆಟ್ಟಿಗೆಯನ್ನು ಒಮ್ಮೆಯೂ ತಿರುಗಿಸಿ ನೋಡಲಿಲ್ಲ. ಅದು ಹೆಂಗಸರ ಸೊಬಗಿನ ಸಾಮಾನು, ಅದರಲ್ಲಿ ಓದುವಂಥದ್ದೇನಿದೆ ಎಂಬ ಅನಾದರ ನಮ್ಮೊಳಗೆ ಅಡಗಿತ್ತೆಂಬುದನ್ನು ಮರೆಮಾಚದೆ ಒಪ್ಪಿಕೊಳ್ಳುತ್ತೇವೆ. ಅವಳಿಗೆ ಇಂಗ್ಲಿಷ್ ಅಷ್ಟಾಗಿ ಬರದು. ನಮಗೆ ಬರುತ್ತಿತ್ತು. ಕಾಯಕದ ಹಿರಿಮೆಯನ್ನು ಕುರಿತು ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇವೆ. ಮಡಿವಾಳ ಮಾಚಯ್ಯನವರ, ನುಲಿಯ ಚಂದಯ್ಯನವರ ಕಾಯಕವನ್ನು ಕೊಂಡಾಡುವಾಗ ಬಟ್ಟೆ ಒಗೆದು, ಹಗ್ಗ ಹೊಸೆದು ಅವರ ಕೈಗಳು ಹೇಗಿದ್ದಿರಬಹುದೆಂದು ಯೋಚಿಸಿದ್ದುಂಟೇ? ಲಿಂಗವನ್ನು ಹಿಡಿಯುವುದೂ ಕೈ, ದುಡಿಯುವುದೂ ಅದೇ ಕೈ. ಆ ಕೈಯ ರಕ್ಷಣೆಯನ್ನು ವಿಚಾರಿಸದೆ ಕಾಯಕವನ್ನು ಹೊಗಳುವುದು ಬರಿಯ ಮಾತು.

ನಮ್ಮ ಉಗುರಿನ ಮೇಲಿದ್ದ ಕವಚವನ್ನು ಅಂದೇ ಕಿತ್ತುಹಾಕಬೇಕೆಂದು ಹೊರಟಿದ್ದೆವು. ಅವಳೇ ತಡೆದಳು. ಕಿತ್ತರೆ ಅದರೊಡನೆ ನಿಜವಾದ ಉಗುರಿನ ಪದರವೂ ಎದ್ದುಬರುತ್ತದಂತೆ. ಆದರೆ ಅವಳ ಕೈಯಿಂದ ಆ ಕೆಲಸ ಆಗಕೂಡದಾಗಿತ್ತು. ಪಕ್ಕದ ಪಾರ್ಲರಿನ ಹುಡುಗಿಯೊಬ್ಬಳು ಕೈಗವಸು, ಮುಖಗವಸು ತೊಟ್ಟು, ತಾಳ್ಮೆಯಿಂದ ಉಜ್ಜಿ ಉಜ್ಜಿ ತೆಗೆದಳು. ಕೆಳಗಿನ ಉಗುರು ಕಾಗದದಂತೆ ತೆಳುವಾಗಿತ್ತು. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಹೊಸದಾಗಲು ಸುಮಾರು 6 ತಿಂಗಳು ಬೇಕು. ಕಾಯುವುದೊಂದೇ ಅದಕ್ಕೆ ಮದ್ದು.

ಮುಂದೆ ಏನು ಮಾಡುವುದು? ಪೆಟ್ಟಿಗೆಯನ್ನೂ ದೀಪವನ್ನೂ ಕೊಂಡುಕೊಳ್ಳುತ್ತೇನೆಂದು ಆ ಪಕ್ಕದ ಹುಡುಗಿಯೇ ಮುಂದೆ ಬಂದಳು. ನಮ್ಮ ಮಗಳು ಕೂಡಲೇ ಕೊಡಲಿಲ್ಲ. "ದೊಡ್ಡಪ್ಪಾ, ಮೊದಲು ಅದರ ಮ್ಯಾಲೆ ಬರೆದದ್ದು ಕನ್ನಡದಾಗ ಬರದು ಕೊಡ್ರಿ. ಆಮ್ಯಾಗ ಕೊಡತೀನಿ" ಎಂದಳು. ಅನೇಕ ಸಂಸ್ಕೃತ ಗ್ರಂಥಗಳ ಭಾಗಗಳನ್ನು ಕನ್ನಡಿಸಿದ್ದೇವೆ. ಇಷ್ಟು ಎಚ್ಚರದಿಂದ ಮಾಡಿದ ಅನುವಾದ ಬೇರೆ ಇಲ್ಲ. ವೈದ್ಯರ ಸಲಹೆಯನ್ನೂ ಸೇರಿಸಿ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆವು. ಅದರ ಸಾರವನ್ನು ನಮ್ಮ ಓದುಗ ಸೋದರಿಯರಿಗಾಗಿ ಇಲ್ಲಿ ಕೊಡುತ್ತೇವೆ.

ಹಸಿ ಲೇಪ ಚರ್ಮಕ್ಕೆ ತಗುಲಬಾರದು. ಅಚ್ಚು ಉಗುರಿನ ಅಳತೆಗೆ ಸರಿಯಾಗಿರಬೇಕು, ಲೇಪ ಉಕ್ಕಿದರೆ ದೀಪದ ಕೆಳಗೆ ಇಡುವ ಮೊದಲೇ ಕಡ್ಡಿಯಿಂದ ಶುಚಿಮಾಡಬೇಕು, ಬೆರಳಿನಿಂದ ಒರೆಸಬಾರದು. ಸಾಧಾರಣ ರಬ್ಬರ್ ಕೈಗವಸಿನೊಳಗಿಂದ ಈ ದ್ರವ್ಯ ಬೇಗನೆ ಇಳಿಯುತ್ತದೆ; ನೈಟ್ರೈಲ್ ಕೈಗವಸು ಬೇಕು, ಅದನ್ನೂ ಮೇಲಿಂದ ಮೇಲೆ ಬದಲಿಸಬೇಕು. ದೀಪವು ಆ ಲೇಪಕ್ಕೆ ಹೊಂದುವಂಥದ್ದಾಗಿರಬೇಕು, ಹೇಳಿದಷ್ಟು ಹೊತ್ತು ಬೆಳಕಿನಲ್ಲಿಡಬೇಕು; ಅರೆ ಗಟ್ಟಿಯಾದ ಲೇಪವೇ ಹೆಚ್ಚು ತೊಂದರೆ ಕೊಡುತ್ತದೆ. ಉಗುರನ್ನು ಎಂದೂ ಕಿತ್ತು ತೆಗೆಯಬಾರದು. ತುರಿಕೆ, ಕೆಂಪು, ಊತ ಕಂಡರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕೊನೆಯ ಸಾಲನ್ನು ಅವಳೇ ಹೇಳಿ ಬರೆಸಿದಳು: "ತುರಿಕೆ ಆದರೆ ಮನೆಯವರಿಂದ ಮುಚ್ಚಿಡಬಾರದು."

ಆ ಹಾಳೆ ಈಗ ಪಕ್ಕದ ಪಾರ್ಲರಿನ ಗೋಡೆಯ ಮೇಲಿದೆ. ಪೆಟ್ಟಿಗೆಯಿಂದ ಬಂದ ಹಣ ಸಾಲಕ್ಕೆ ಸಂದಿತು. ಉಳಿದದ್ದಕ್ಕೆ ಸಂಘದ ಹೆಣ್ಣುಮಕ್ಕಳು ಅವಧಿ ಕೊಟ್ಟರು. ಯಾರೂ ಅವಳನ್ನು ಹಂಗಿಸಲಿಲ್ಲ. ಅವಳು ಮೊದಲಿನಂತೆ ಜಡೆ, ಸೀರೆ, ಮದರಂಗಿಯ ಕೆಲಸ ಮಾಡುತ್ತಾಳೆ. ಮದರಂಗಿಯಲ್ಲಿಯೂ ಎಲೆಯನ್ನು ಅರೆದದ್ದನ್ನೇ ಬಳಸುತ್ತಾಳೆ. ಕಪ್ಪು ಮೆಹಂದಿಯೆಂದು ಮಾರುವುದರಲ್ಲಿ ಹಲವು ವೇಳೆ ಕೂದಲಿಗೆ ಹಚ್ಚುವ ಬಣ್ಣದ ರಾಸಾಯನಿಕವಿದ್ದು ಅದೂ ಚರ್ಮವನ್ನು ಸುಡಬಲ್ಲದೆಂದು ವೈದ್ಯರು ಹೇಳಿದ್ದನ್ನು ಅವಳು ಮರೆತಿಲ್ಲ. ಈ ಹುಣ್ಣಿಗೆ ಕಾರಣ ಹೊಸತನವಲ್ಲ, ನಮ್ಮ ಅಲಕ್ಷ್ಯವೆಂದು ಅವಳಿಗೆ ಹೇಳಿದ್ದೇವೆ. ಸರಿಯಾಗಿ ತಿಳಿದು ಮಾಡುವವರು ಆ ಕಸುಬನ್ನು ಮಾಡಲಿ. ಅದರಲ್ಲಿ ಕೀಳೇನೂ ಇಲ್ಲ.

ಮೊನ್ನೆ ಗೌರಿ ಹುಣ್ಣಿಮೆಗೆ ಅವಳ ಮನೆಯಲ್ಲಿ ಸಕ್ಕರೆ ಆರತಿ ಮಾಡುತ್ತಿದ್ದರು. ಅವಳ ಚಿಕ್ಕ ಮಗಳು ಅಚ್ಚನ್ನು ಬೇಗ ಬಿಚ್ಚಬೇಕೆಂದು ಹಟ ಹಿಡಿದಿದ್ದಳು. ತಾಯಿ ಬಿಡಲಿಲ್ಲ. "ಆರಲಿ ತಡಿ" ಎಂದು ಮಗುವಿನ ಕೈ ಹಿಡಿದು ಕೂತಿದ್ದಳು. ಅವಳ ಬೆರಳುಗಳು ಮಾಯ್ದಿದ್ದವು. ತುದಿಯ ಚರ್ಮ ಇನ್ನೂ ಎಳೆಯದಾಗಿ ಹೊಳೆಯುತ್ತಿತ್ತು.

ನಮ್ಮ ಉಗುರು ಬಹುಪಾಲು ಹೊಸದಾಗಿ ಬೆಳೆದಿದೆ. ಸೀಳು ಮಾತ್ರ ಹಾಗೆಯೇ ಇದೆ. ಬೇರಿಗೆ ಬಿದ್ದ ಪೆಟ್ಟು ಅಚ್ಚಿನಿಂದ ಮಾಸುವಂಥದ್ದಲ್ಲ. ಅದನ್ನು ಕಂಡು ಅವಳು ತನ್ನ ಹೊಲಿಗೆ ಯಂತ್ರದಲ್ಲಿ ನುಣುಪಾದ, ಒತ್ತಾಗಿ ನೇಯ್ದ ಹತ್ತಿಯ ಬಟ್ಟೆಗೆ ಅಂಚು ಮಡಚಿ ಹೊಲಿದು ಒಂದು ಪಾವುಡ ಮಾಡಿಕೊಟ್ಟಿದ್ದಾಳೆ. ಈಗ ಎಳೆ ಸಿಕ್ಕುವುದಿಲ್ಲ. ಮೂವತ್ತು ವರ್ಷ ನಮಗೆ ಹೊಳೆಯದಿದ್ದ ಉಪಾಯವಿದು.